ನಳಿಗೆ ಇಲ್ಲದ ಕೋವಿ

ಕಿಂಗ್ಸ್‌ಬರಿ
4 ಮಾರ್ಚ್ 2001

ಮಧು,

ಫೋನ್ ಮಾಡಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಇಟ್ಟುಬಿಡುತ್ತೇನೆ. ಮೈಸೂರಿನ ಹಾಸ್ಟೆಲ್ಲಿನಿಂದ ನಡೆದುಬಂದ ಪದ್ಧತಿ ಇದು. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ನಗು.

ನಾನೊಂದು ಕೋವಿ ಕಟ್ಟುತ್ತಿದ್ದೇನೆ. ಹಳೇ ಕಾಲದ ಕೇಪಿನ ಕೋವಿ. ಬಾಯಿಯಿಂದ ಮದ್ದು ಸುರಿದು, ಬಟ್ಟೆತುಂಡಿನಲ್ಲಿ ಸುತ್ತಿದ ಗುಂಡನ್ನು ಗಜದಿಂದ ಒಳಕ್ಕೆ ದಬ್ಬಿ, ಆಮೇಲೆ ಬಡಿದರೆ ಕಿಡಿ ಹಾರುವ ಕೇಪು ಇಟ್ಟು ಹಾರಿಸುವಂಥದ್ದು. ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುತ್ತದೆ. ಕೆತ್ತಿ, ಉಜ್ಜಿ, ಕೂಡಿಸಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಹುಚ್ಚು ಹಿಡಿಸಿದ್ದು ಮಿಸೆಸ್ ಹಾಲ್ಡೇನ್. ಆಕೆ ಭೂಗೋಳದ ಟೀಚರಾಗಿದ್ದವರು, ಅವರ ಸೊಂಟದ ಕೀಲು ಬದಲಿಸಿದ್ದು ನಾನು. ಹೇರ್‌ಫೀಲ್ಡ್ ಆಚೆ ಒಂದು ಹಳೇ ಸುಣ್ಣಕಲ್ಲಿನ ಗಣಿಯಲ್ಲಿ ಅವರ ಕ್ಲಬ್ಬಿನವರು ಗುರಿ ಹೊಡೆಯುತ್ತಾರೆ, ಈಕೆಯೇ ಕಾರ್ಯದರ್ಶಿ. ನಾನು ಆಸ್ಪತ್ರೆಯ ಕೆಲಸ ಬಿಟ್ಟದ್ದು ತಿಳಿದು, 'ಬೇಜಾರಾಗಿರಬೇಕು, ಬನ್ನಿ' ಎಂದು ಕರೆದೊಯ್ದರು. ಸುತ್ತಿಗೆಯ ಹಾಗೆ ಬಡಿಯುವ ಕುದುರೆ ಕೇಪಿನ ಮೇಲೆ ಬಿದ್ದದ್ದಕ್ಕೂ ಕೋವಿ ಗುಡುಗಿದ್ದಕ್ಕೂ ನಡುವೆ ಒಂದು ಎಳೆಯಷ್ಟು ಬಿಡುವು. ಆಮೇಲೆ ಬರೀ ಹೊಗೆ. ಅದು ಕರಗುವ ತನಕ ತಗುಲಿತೋ ಇಲ್ಲವೋ ಗೊತ್ತಾಗುವುದಿಲ್ಲ. ಆಪರೇಷನ್ ಮುಗಿಸಿ ಎಕ್ಸ್‌ರೇಗೆ ಕಾಯುತ್ತಿದ್ದೆನಲ್ಲ, ಹಾಗೇ ಆಯಿತು. ಅವತ್ತಿನಿಂದ ಕ್ಲಬ್ಬಿನ ಸದಸ್ಯ.

ಈಗ ಕಷ್ಟ ಕೇಳು. ಪೆಟ್ಟಿಗೆ ಬಂದಿದೆ. ಆಕ್ರೋಟು ಮರದ ಹಿಡಿ, ಹಿತ್ತಾಳೆಯ ತುಣುಕುಗಳು, ಕುದುರೆ, ಬೆರಳಿನಿಂದ ಎಳೆಯುವ ಬಿಲ್ಲು, ಸ್ಕ್ರೂಗಳು. ನಳಿಗೆ ಮಾತ್ರ ಇಲ್ಲ. ಈ ಇಂಗ್ಲಿಷರ ದೇಶದ ಕಾನೂನಿನ ಪ್ರಕಾರ ನಳಿಗೆಯೇ ಕೋವಿ, ಉಳಿದದ್ದೆಲ್ಲ ಮರಗೆಲಸ. ಪೊಲೀಸರ ಪರವಾನಗಿ ಬರುವ ತನಕ ಅದು ಅಂಗಡಿಯವನ ಬೀರುವಿನಲ್ಲೇ ಇರಬೇಕಂತೆ. ಇದ್ದುದನ್ನು ಜೋಡಿಸೋಣವೆಂದರೆ ಸೂಚನೆಯ ಹಾಳೆ ಇಟಲಿಯವರ ಇಂಗ್ಲಿಷಿನಲ್ಲಿದೆ. 'ಮರವನ್ನು ಸಾಕಾಗುವಷ್ಟು ತೆಗೆಯಿರಿ' ಎನ್ನುತ್ತದೆ. ಸಾಕಾಗುವಷ್ಟು ಎಂದರೆ ಎಷ್ಟು? ಊಟದ ಮೇಜಿನ ಮೇಲೆ ಹರಡಿದ್ದೆ, ಜಾಹ್ನವಿ ಗ್ಯಾರೇಜಿಗೆ ಅಟ್ಟಿದಳು.

ಪರವಾನಗಿಗೆ ಇಬ್ಬರು ಪರಿಚಿತರು ನನ್ನ ಬಗ್ಗೆ ಖಾತರಿ ಬರೆದುಕೊಡಬೇಕು. ನಿನಗಿಂತ ಪರಿಚಿತರು ಯಾರು? ಕನ್ನಡ ಸಂಘದ ಯುಗಾದಿ ಊಟಕ್ಕೆ ಬರುತ್ತೀಯಲ್ಲ, ಅಲ್ಲೇ ಕಾಗದ ಕೊಡುತ್ತೇನೆ.

ತಾಳ್ಮೆಗೆಟ್ಟ,
ಉದಯಶಂಕರ


ಫೆಲ್ಥಮ್
1 ಏಪ್ರಿಲ್ 2001

ಉದಯ,

ನೀನು ಕೊಟ್ಟ ಕಾಗದ ವಾರದಿಂದ ನನ್ನ ಮೇಜಿನ ಮೇಲಿದೆ. ಪ್ರತಿದಿನ ಕ್ಲಿನಿಕ್ ಮುಗಿಸಿ ಬಂದು ನೋಡುತ್ತೇನೆ, ಹಾಗೇ ಇಡುತ್ತೇನೆ. ನಾನು ಸಹಿ ಹಾಕಲಾರೆ.

ಕೋವಿ ಕಂಡರೆ ನನಗಾಗದು, ನಿಜ. ಆದರೆ ಕಾರಣ ಅದಲ್ಲ. ಯುಗಾದಿಯ ದಿನ ಸಂಘದ ಅಧ್ಯಕ್ಷರ ಭಾಷಣ ಮುಗಿಯಲಿಲ್ಲವಲ್ಲ, ನೀನು ನನ್ನ ಎದುರು ಸಾಲಿನಲ್ಲಿ ಕೂತಿದ್ದೆ. ಬಲಗೈ ತೊಡೆಯ ಮೇಲಿತ್ತು. ಹೆಬ್ಬೆರಳು ತೋರುಬೆರಳಿನ ಮೇಲೆ ಬತ್ತಿ ಹೊಸೆಯುವ ಹಾಗೆ ಓಡಾಡುತ್ತಿತ್ತು. ಊಟಕ್ಕೆ ಎದ್ದು ನಡೆದಾಗ ಎಡಗೈ ಬೀಸುತ್ತಿತ್ತು, ಬಲಗೈ ಮೈಗೆ ಅಂಟಿಕೊಂಡೇ ಇತ್ತು. ಇದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ. ಮೂರನೇ ವರ್ಷದ ವಿದ್ಯಾರ್ಥಿಗೂ ಗೊತ್ತಾಗುವಂಥದ್ದು.

ಯಾರಿಗಾದರೂ ತೋರಿಸಿದ್ದೀಯಾ? ಜಾಹ್ನವಿಗೆ ಗೊತ್ತೇ?

ನನ್ನ ಊಹೆ ತಪ್ಪಾಗಿದ್ದರೆ ಬಂದು ನಿನ್ನ ಕಾಲು ಹಿಡಿಯುತ್ತೇನೆ.

ನಿನ್ನ
ಮಧುಸೂದನ


ಕಿಂಗ್ಸ್‌ಬರಿ
6 ಏಪ್ರಿಲ್ 2001

ಡಾಕ್ಟರ್ ಮಧುಸೂದನ ಅವರಿಗೆ,

ಪಾಯಸದ ಸಾಲಿನಲ್ಲಿ ನಿಂತು ರೋಗ ಪತ್ತೆ ಹಚ್ಚುವ ನಿಮ್ಮ ವಿದ್ಯೆಗೆ ನಮಸ್ಕಾರ. ನಿಮ್ಮಂಥ ಫ್ಯಾಮಿಲಿ ಡಾಕ್ಟರುಗಳ ಚಟವೇ ಇದು. ಒಂದು ನೋಟ, ಒಂದು ಚೀಟಿ, ಮುಂದಿನವರು ಬನ್ನಿ.

ನಾನು ಕೇಳಿದ್ದು ಸಹಿ, ತಪಾಸಣೆಯಲ್ಲ. ಬೆನ್ನುನೋವಿಗೆ ಆಸ್ಪತ್ರೆ ಬಿಟ್ಟವನು ನಾನು, ಅದು ಎಲ್ಲರಿಗೂ ಗೊತ್ತು. ಬೆನ್ನು ಹಿಡಿದುಕೊಂಡವನು ಕೈ ಬೀಸಿಕೊಂಡು ಪೆರೇಡ್ ಮಾಡುವುದಿಲ್ಲ. ಸಂಘದ ಅಶ್ವತ್ಥನಾರಾಯಣ ಒಂದು ಮಾತೂ ಕೇಳದೆ ಬರೆದುಕೊಟ್ಟರು, ಮಿಸೆಸ್ ಹಾಲ್ಡೇನ್ ಕೂಡ. ಕಾಗದಗಳು ಪೊಲೀಸರಿಗೆ ಹೋಗಿವೆ. ನಿನ್ನ ಅಗತ್ಯ ಇನ್ನಿಲ್ಲ.

ಜಾಹ್ನವಿಯ ಕಿವಿಗೆ ಏನಾದರೂ ಹಾಕಿದರೆ ನಮ್ಮಿಬ್ಬರ ನಡುವೆ ಮಾತು ಉಳಿಯುವುದಿಲ್ಲ. ಉತ್ತರ ಬೇಡ.

ಉದಯಶಂಕರ


ಕಿಂಗ್ಸ್‌ಬರಿ
17 ಜೂನ್ 2001

ಮಧು ಅವರಿಗೆ ಜಾಹ್ನವಿಯ ನಮಸ್ಕಾರ.

ಇವರು ಟೌನ್ ಹಾಲ್ ಕಡೆ ಹೋಗಿದ್ದಾರೆ, ಬರುವಷ್ಟರಲ್ಲಿ ಮುಗಿಸಬೇಕು. ನಿಮ್ಮಿಬ್ಬರ ನಡುವೆ ಏನು ನಡೆಯಿತೋ ನನಗೆ ತಿಳಿಯದು. ನಿಮ್ಮ ಹೆಸರು ತೆಗೆದರೆ ಎದ್ದು ಗ್ಯಾರೇಜಿಗೆ ಹೋಗುತ್ತಾರೆ.

ಆ ಗ್ಯಾರೇಜಿನ ಕಥೆ ಹೇಳುತ್ತೇನೆ. ಕೋವಿಯ ಕುದುರೆ, ಸ್ಪ್ರಿಂಗು ಎಲ್ಲ ಒಂದು ಕಬ್ಬಿಣದ ತಗಡಿಗೆ ಕೂತಿರುತ್ತವೆ. ಆ ತಗಡು ಮರದೊಳಗೆ ಬಿಗಿಯಾಗಿ ಕೂರುವ ಹಾಗೆ ಗುಳಿ ಕೆತ್ತಬೇಕು. ತಗಡಿಗೆ ಬಣ್ಣ ಸವರಿ ಮರಕ್ಕೆ ಒತ್ತುತ್ತಾರೆ, ಬಣ್ಣ ಅಂಟಿದ ಕಡೆ ಮರ ಉಬ್ಬಿದೆ ಎಂದು ಲೆಕ್ಕ, ಅಷ್ಟನ್ನೇ ಉಳಿಯಿಂದ ಹೆರೆಯುತ್ತಾರೆ. ಬಣ್ಣಕ್ಕೆ ನನ್ನ ಕುಂಕುಮವನ್ನೇ ವ್ಯಾಸಲಿನ್‌ನಲ್ಲಿ ಕಲಸಿಕೊಂಡಿದ್ದಾರೆ. ಭರಣಿ ಖಾಲಿಯಾಗಿದೆ.

ಒಂದು ಮರ ಕೆಟ್ಟಿತು. ಗುಳಿ ತಗಡಿಗಿಂತ ದೊಡ್ಡದಾಗಿ, ಕುದುರೆ ಅದರಲ್ಲಿ ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಮರದ ಪುಡಿಯನ್ನು ಗೋಂದಿನಲ್ಲಿ ಕಲಸಿ ತುಂಬಿದರು, ಅದು ಉದುರಿತು. ಇನ್ನೊಂದು ಮರ ತರಿಸಿದರು. ಮೊನ್ನೆ ಶನಿವಾರ ಒಂದು ಶಬ್ದ ಬಂತು. ಓಡಿಹೋಗಿ ನೋಡಿದರೆ ಉಳಿ ಜಾರಿ ಎಡ ಅಂಗೈ ಸೀಳಿತ್ತು. ಮರದ ತುಂಬ ಕೆಂಪು, ಯಾವುದು ರಕ್ತ ಯಾವುದು ಕುಂಕುಮ ಎಂದೇ ತಿಳಿಯಲಿಲ್ಲ.

"ಕ್ಯಾಶುವಾಲ್ಟಿಗೆ ಹೋಗೂಣ ನಡೀರಿ," ಅಂದೆ.

"ಬೇಡ. ಅಲ್ಲಿ ಎಲ್ಲರೂ ನನ್ನ ಬಲ್ಲರು."

"ಬಲ್ಲವರಿದ್ರ ಛಲೋನ ಆತಲ್ರೀ?"

"ಬೇಡ ಅಂದೆನಲ್ಲ. ನೀನೇ ಕಟ್ಟು."

ಕಟ್ಟಿದೆ. ಆಗ ಅವರ ಬಲಗೈ ಮೇಜಿನ ಮೇಲಿತ್ತು. ಗಾಯವಾದ ಕೈ ಸುಮ್ಮನಿತ್ತು, ಗಾಯವಿಲ್ಲದ ಕೈ ನಡುಗುತ್ತಿತ್ತು.

ನಾನು ಡಾಕ್ಟರಲ್ಲ. ಆದರೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಕುರುಡಿಯೂ ಅಲ್ಲ. ಇವರು ಅಂಗಿ ಬಿಟ್ಟು ಸ್ವೆಟರ್ ಹಾಕಲು ಶುರು ಮಾಡಿ ಬಹಳ ದಿನವಾಯಿತು. ಗುಂಡಿ ಹಾಕಿಕೊಳ್ಳಲು ಹೊತ್ತಾಗುತ್ತದೆ ಎಂದು ನನಗೆ ಗೊತ್ತು. ನನಗೆ ಗೊತ್ತು ಎನ್ನುವುದು ಅವರಿಗೆ ಗೊತ್ತಿಲ್ಲ. ಮನೆಯಲ್ಲಿ ಇಬ್ಬರೂ ಹವಾಮಾನದ ಬಗ್ಗೆ ಮಾತಾಡುತ್ತೇವೆ.

ನೀವು ಒಂದು ಭಾನುವಾರ ಬನ್ನಿ. ನಾನು ಕರೆದೆ ಎನ್ನಬೇಡಿ. ಮರ ನೋಡಲು ಬಂದೆ ಎನ್ನಿ.

ನಿಮ್ಮ ದಾರಿ ಕಾಯುವ
ಜಾಹ್ನವಿ


ಕಿಂಗ್ಸ್‌ಬರಿ
29 ಜುಲೈ 2001

ಮಧು,

ಉತ್ತರ ಬೇಡ ಎಂದವನಿಗೆ ನೀನು ನೇರ ಬಂದು ಉತ್ತರ ಕೊಟ್ಟೆ. ಬಂದವನು ಉಪದೇಶ ಮಾಡಿದ್ದರೆ ಹೊರಗೆ ದಬ್ಬುತ್ತಿದ್ದೆ. ನೀನು ಮಧ್ಯಾಹ್ನವಿಡೀ ಗ್ಯಾರೇಜಿನಲ್ಲಿ ಕೂತು ಹಿತ್ತಾಳೆಯ ತುಣುಕನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿದೆ, ಅದೂ ಅಡ್ಡಡ್ಡ, ಗೀರು ಬೀಳುವ ಹಾಗೆ. ನಾನು ಅದನ್ನು ಮತ್ತೆ ಉಜ್ಜಬೇಕಾಯಿತು. ಕಾರಿನ ಬಾಗಿಲು ತೆಗೆಯುವಾಗ ಮಾತ್ರ ನೀನು, "ನಾಳೆ ಒಂದು ಫೋನ್ ಮಾಡೋ," ಎಂದೆ. ಯಾರಿಗೆ ಎಂದು ಹೇಳಲಿಲ್ಲ.

ಮಾಡಿದೆ. ನರರೋಗದ ವಿಭಾಗದಲ್ಲಿ ನನ್ನನ್ನು ನೋಡಿದವನು ಒಂದು ಕಾಲಕ್ಕೆ ನನ್ನ ಕೈಕೆಳಗೆ ಆರು ತಿಂಗಳು ಕೆಲಸ ಕಲಿತಿದ್ದ ಹುಡುಗ. ಬೆರಳು ತಟ್ಟಿ ಎಂದ, ಮುಷ್ಟಿ ಬಿಚ್ಚಿ ಮುಚ್ಚಿ ಎಂದ. ಆಮೇಲೆ, "ಸರ್, ಈ ಕಾರಿಡಾರಿನಲ್ಲಿ ಅಲ್ಲಿಯ ತನಕ ನಡೆದು ಬನ್ನಿ," ಎಂದ. ನಾನು ರೌಂಡ್ಸ್ ಹೋಗುತ್ತಿದ್ದ ಕಾರಿಡಾರು. ನಡೆದು ಬಂದು ಅವನ ಮುಖ ನೋಡಿದೆ, ಹೆಸರು ಹೇಳುವ ಕಷ್ಟವನ್ನು ಅವನಿಗೆ ಕೊಡಲಿಲ್ಲ. ನಾನೇ ಹೇಳಿದೆ.

ಈಗ ನಿನಗೆ ಒಂದು ವಿಷಯ. ಬೆನ್ನುನೋವು ಸುಳ್ಳು. ಹೋದ ವರ್ಷ ಒಂದು ಮುರಿದ ಮುಂಗೈಗೆ ಲೋಹದ ಪಟ್ಟಿ ಕೂರಿಸುತ್ತಿದ್ದೆ. ಕೊನೆಯ ಸ್ಕ್ರೂ ತಿರುಗಿಸಲು ನನಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಏನೂ ಕೆಡಲಿಲ್ಲ, ಆ ಹೆಣ್ಣುಮಗಳು ಈಗ ಟೆನಿಸ್ ಆಡುತ್ತಾಳೆ. ಆದರೆ ನರ್ಸ್ ಒಂದು ಸಲ ತಲೆ ಎತ್ತಿ ನನ್ನ ಬೆರಳುಗಳನ್ನೇ ನೋಡಿದಳು. ಅದೇ ವಾರ ರಾಜೀನಾಮೆ ಬರೆದುಕೊಟ್ಟೆ. ಕೆಲಸಕ್ಕೆ ತೊಡಗಿದರೆ ನಡುಕ ನಿಲ್ಲುತ್ತದೆ ನೋಡು, ಈ ಕಾಯಿಲೆಯ ಮೋಸವೇ ಅದು. ಉಳಿ ಹಿಡಿದಾಗಲೆಲ್ಲ ಕೈ ಸುಮ್ಮನಾಗುತ್ತಿತ್ತು, ಏನೂ ಇಲ್ಲ ಎಂದುಕೊಳ್ಳುತ್ತಿದ್ದೆ. ನಿಧಾನವಾಗಿದ್ದು, ಬಿಗಿದುಕೊಂಡದ್ದು ಮರಕ್ಕೆ ಗೊತ್ತಾಗುತ್ತಿತ್ತು.

ನೀನು ಬರೆದದ್ದು ನನಗೆ ಹೊಸದಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ನನ್ನ ಕೈಯಿಂದ ಒಂದು ಸಲ ಕೆಲಸ ಕಿತ್ತುಕೊಂಡವನು ನಾನೇ. ಎರಡನೇ ಸಲ ಕಿತ್ತುಕೊಳ್ಳಲು ನೀನು ಬಂದೆ.

ಪರವಾನಗಿಯ ಅರ್ಜಿ ವಾಪಸು ತೆಗೆದುಕೊಂಡಿದ್ದೇನೆ. ಮಾತ್ರೆ ಕೆಲಸ ಮಾಡಿದರೆ ಕೋವಿ ಹಿಡಿಯಲು ಅಡ್ಡಿಯಿಲ್ಲ, ಬೇಕಿದ್ದರೆ ಪೊಲೀಸರಿಗೆ ಕಾಗದ ಬರೆದುಕೊಡುತ್ತೇನೆ ಎಂದ ಆ ಹುಡುಗ. ಆಪರೇಷನ್ ಥಿಯೇಟರಿಗೆ ಒಂದು ನಿಯಮ, ಕೋವಿಗೆ ಇನ್ನೊಂದು ಎನ್ನಲು ನನಗೆ ಬಾಯಿ ಬರಲಿಲ್ಲ. ನಳಿಗೆ ಮಾರಿಬಿಡಿ ಎಂದು ಅಂಗಡಿಯವನಿಗೆ ಹೇಳಬೇಕು. ಕೆತ್ತಿ ಕೆಡಿಸಿದ ಮರವನ್ನು ಯಾರು ಕೊಳ್ಳುತ್ತಾರೆ?

ಜಾಹ್ನವಿಗೆ ಹೇಳಿದೆ. "ಗೊತ್ತದ," ಅಂದಳು.

ಉದಯ


ಫೆಲ್ಥಮ್
5 ಆಗಸ್ಟ್ 2001

ಉದಯ,

ಸಹಿ ಹಾಕದೆ ಹೋದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಅದನ್ನು ಕಾಗದದಲ್ಲಿ ಬರೆದು ಅಂಚೆಗೆ ಹಾಕಿದೆನಲ್ಲ, ಅದಕ್ಕೆ ಕೇಳುತ್ತೇನೆ. ಫೆಲ್ಥಮಿನಿಂದ ಕಿಂಗ್ಸ್‌ಬರಿಗೆ ಬರಲು ನನಗೇನು ಸಮುದ್ರ ದಾಟಬೇಕಿತ್ತೇ?

ನಳಿಗೆಯನ್ನು ಈಗಲೇ ಮಾರಬೇಡ. ಸಿಟ್ಟಿನಲ್ಲಿ ಅರ್ಜಿಯನ್ನೂ ಕೋವಿಯನ್ನೂ ಒಟ್ಟಿಗೆ ಬಿಡಬೇಡ ಎಂದಷ್ಟೇ.

ಭಾನುವಾರ ಬರುತ್ತೇನೆ. ಹಿತ್ತಾಳೆ ಉದ್ದುದ್ದ ಉಜ್ಜುವುದನ್ನು ಕಲಿಸು.

ಮಧು


ಕಿಂಗ್ಸ್‌ಬರಿ
10 ಮಾರ್ಚ್ 2002

ಮಧು ಅವರಿಗೆ,

ನಿಮಗೊಂದು ಕೆಲಸ ಹೇಳುವುದಿದೆ. ಅದಕ್ಕೂ ಮೊದಲು ನಾಲ್ಕು ಮಾತು, ಯಾಕೆಂದರೆ ಭಾನುವಾರ ನೀವು ಬಂದಾಗ ಇವರು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ನಾನು ಇವರ ಕ್ಲಬ್ಬಿಗೆ ಸೇರಿದ್ದು ನಿಮಗೆ ಗೊತ್ತು. ಆಗ ನೀವು ನಕ್ಕಿರಿ. ಇವರನ್ನು ಅಲ್ಲಿಗೆ ಕಾರಿನಲ್ಲಿ ಬಿಟ್ಟು ನಾನು ಹೊರಗೆ ಹೆಣಿಗೆ ಹಾಕುತ್ತ ಕೂರುವುದಕ್ಕಿಂತ ಒಳಗೆ ಹೋಗುವುದು ವಾಸಿ ಎನಿಸಿತು, ಅಷ್ಟೇ. ಈಗ ಪೂರ್ತಿ ಸದಸ್ಯೆಯಾಗಿದ್ದೇನೆ. ಕೋವಿಯ ಪರವಾನಗಿಗೆ ನನ್ನ ಹೆಸರಿನಲ್ಲಿ ಅರ್ಜಿ ಹಾಕುತ್ತಿದ್ದೇನೆ.

ಮೂರನೆಯ ಮರ ತರಿಸಿದೆವು. ಗುಳಿ ನಾನು ಕೆತ್ತಿದೆ. ಇಷ್ಟು ವರ್ಷ ಲ್ಯಾಬಿನಲ್ಲಿ ತಪಾಸಣೆಗೆ ಬಂದು ಮೇಣದಲ್ಲಿಟ್ಟ ಮಾಂಸದ ಚೂರನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕತ್ತರಿಸಿದ್ದೇನೆ, ಮರವೇನು ಮಹಾ ಎಂದುಕೊಂಡಿದ್ದೆ. ಮರ ಸುಲಭ. ಇವರು ಕಷ್ಟ. ನನ್ನ ಹೆಗಲ ಮೇಲಿಂದ ಬಗ್ಗಿ, ಜೂನಿಯರ್ ಡಾಕ್ಟರುಗಳನ್ನು ಗದರಿಸುತ್ತಿದ್ದ ದನಿಯಲ್ಲಿ ಶುರು ಮಾಡುತ್ತಾರೆ.

"ಅಲ್ಲಲ್ಲ. ಎಡಕ್ಕೆ. ಉಳಿ ಮಲಗಿಸು. ಮಲಗಿಸು ಅಂದೆ."

"ಮಲಗಿಸೇನಿ."

"ಇದು ಮಲಗಿಸಿದ್ದಾ? ಕೂತಿದೆ ಅದು."

ಒಂದು ದಿನ ಉಳಿಯನ್ನು ಕೆಳಗಿಟ್ಟುಬಿಟ್ಟೆ. "ಇದು ನಿಮ್ಮ ಥಿಯೇಟರ್ ಅಲ್ಲ, ನಾ ನಿಮ್ಮ ಜೂನಿಯರ್ ಅಲ್ಲ. ನನಗ ಹಿಂಗ ಒದರೂದಾದ್ರ ನೀವ ಮಾಡ್ಕೋರಿ," ಅಂದೆ. ಅಂದ ಮೇಲೆ ಆಡಬಾರದ ಮಾತಾಡಿದೆ ಎನಿಸಿತು. ಅವರು ತಮ್ಮ ಕೈಯನ್ನೇ ನೋಡುತ್ತ ನಿಂತರು. "ಮಾಡ್ಕೊಳ್ಳೋ ಹಾಗಿದ್ದರೆ ಒದರುತ್ತಿದ್ದೆನಾ ಜಾನೂ?" ಅಂದರು. ಮದುವೆಯಾದ ಹೊಸತರಲ್ಲಿ ಹಾಗೆ ಕರೆಯುತ್ತಿದ್ದರು. ಆ ದಿನ ಇಬ್ಬರೂ ಮತ್ತೆ ಕೆಲಸ ಮಾಡಲಿಲ್ಲ. ಮರುದಿನ ಗುಳಿ ಮುಗಿಯಿತು. ತಗಡನ್ನು ಒತ್ತಿದರೆ ಟಪ್ ಎಂದು ಕೂತಿತು, ಉಗುರು ಹಾಕಲೂ ಸಂದಿಯಿಲ್ಲ. ಇವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಕೆಳಗಿನ ಮೂಲೆ ಸ್ವಲ್ಪ ದುಂಡಾಗಿದೆ," ಎಂದರು.

ಪರವಾನಗಿ ಬಂದರೆ ಕೋವಿ ಇಡುವ ಬೀರುವಿನ ಕೀಲಿ ನನ್ನೊಬ್ಬಳ ಹತ್ತಿರವೇ ಇರಬೇಕು, ಅದನ್ನು ಎಲ್ಲಿಟ್ಟಿದ್ದೇನೆಂದು ಗಂಡನಿಗೂ ತಿಳಿಯಕೂಡದು ಎಂದು ಮಿಸೆಸ್ ಹಾಲ್ಡೇನ್ ಹೇಳಿದರು. ಅದನ್ನು ಕೇಳಿದಾಗಿನಿಂದ ಇವರು ಮುಖ ಗಂಟು ಹಾಕಿಕೊಂಡಿದ್ದಾರೆ.

ಲಕೋಟೆಯಲ್ಲಿ ಖಾತರಿಯ ಕಾಗದವಿದೆ. ನನ್ನ ಕೈ ನಡುಗುವುದಿಲ್ಲ. ಬೇಕಿದ್ದರೆ ಬಂದು ನೋಡಿ.

ಜಾಹ್ನವಿ


ಫೆಲ್ಥಮ್
13 ಮಾರ್ಚ್ 2002

ಜಾಹ್ನವಿ ಅವರಿಗೆ,

ಸಹಿ ಹಾಕಿ ಇದರ ಜೊತೆಗೇ ಇಟ್ಟಿದ್ದೇನೆ. ನಿಮ್ಮ ಕೈಯ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ. ಇಪ್ಪತ್ತು ವರ್ಷ ಅವನ ಜೊತೆ ಬಾಳಿದವರ ತಾಳ್ಮೆಯ ಬಗ್ಗೆಯೂ ಪೊಲೀಸರಿಗೆ ಬರೆಯೋಣವೆಂದರೆ ಅದಕ್ಕೆ ಜಾಗ ಬಿಟ್ಟಿಲ್ಲ.

ಮಧುಸೂದನ


ಕಿಂಗ್ಸ್‌ಬರಿ
6 ಅಕ್ಟೋಬರ್ 2002

ಮಧು,

ನೀನು ನಿನ್ನೆ ಬರಬೇಕಿತ್ತು. ಮೊಮ್ಮಗಳ ನಾಮಕರಣ ಎನ್ನುವುದು ಒಪ್ಪುವ ಕಾರಣವೇ, ಆದರೂ ಬರಬೇಕಿತ್ತು.

ಕೋವಿ ಹಾರಿತು. ಸುಲಭವಾಗಿ ಹಾರಿತು ಎಂದುಕೊಳ್ಳಬೇಡ.

ಬೆಳಿಗ್ಗೆ ಗಣಿಯಲ್ಲಿ ತುಂತುರು. ತಗಡಿನ ಮಾಡಿನ ಕೆಳಗೆ ಜಾಹ್ನವಿ ಕಿವಿಗೆ ಮುಚ್ಚಳ ಹಾಕಿಕೊಂಡು, ಮದರಾಸಿನ ರೇಷ್ಮೆ ಅಂಗಡಿಯಲ್ಲಿ ಸೀರೆ ಆರಿಸುವವಳ ಗಾಂಭೀರ್ಯದಲ್ಲಿ ನಿಂತಿದ್ದಳು. ನಾನು ಪಕ್ಕದಲ್ಲಿ ನಿಂತು ಒಂದೊಂದೇ ಹೇಳುತ್ತಿದ್ದೆ. ಬಟ್ಟೆ ಇಡು, ಗುಂಡು ಇಡು, ಗಜ ಹಿಡಿ, ದಬ್ಬು, ಇನ್ನೂ ದಬ್ಬು. ದಬ್ಬಿದಳು. ಕೇಪು ಇಟ್ಟಳು, ಗುರಿ ಹಿಡಿದಳು, ಬಿಲ್ಲು ಎಳೆದಳು. ಟಿಕ್ ಎಂದಿತು. ಇನ್ನೊಂದು ಕೇಪು. ಟಿಕ್. ಕುದುರೆ ಸರಿಯಾಗಿ ಬೀಳುತ್ತಿಲ್ಲ, ಗುಳಿಯ ಮೂಲೆ ದುಂಡಾದದ್ದಕ್ಕೇ ಹೀಗೆ ಎಂದು ನಾನು ಶುರು ಮಾಡಿದೆ. ಮಿಸೆಸ್ ಹಾಲ್ಡೇನ್ ಹತ್ತಿರ ಬಂದು, ಬಹಳ ಮೃದುವಾಗಿ, ಮದ್ದು ಹಾಕಿದಿರಾ ಎಂದು ಕೇಳಿದರು.

ಮದ್ದು ಹಾಕಿರಲಿಲ್ಲ. ಹಾಕು ಎಂದು ನಾನು ಹೇಳಿರಲಿಲ್ಲ.

"ನೀವ ಹೇಳಿಲ್ಲ," ಅಂದಳು ಜಾಹ್ನವಿ, ಕಿವಿಯ ಮುಚ್ಚಳ ತೆಗೆದು, ಎಲ್ಲರಿಗೂ ಕೇಳುವ ಹಾಗೆ.

ಒಳಗೆ ಸಿಕ್ಕಿಕೊಂಡ ಗುಂಡನ್ನು ತಿರುಪುಮೊಳೆಯಿಂದ ಕಚ್ಚಿ ಹೊರಗೆಳೆಯಬೇಕಾಯಿತು. ಅದೊಂದು ದೊಡ್ಡ ರಗಳೆ. ಮೂಳೆಯೊಳಗೆ ಮುರಿದ ಸ್ಕ್ರೂ ತೆಗೆದದ್ದು ಎಷ್ಟೋ ವಾಸಿ. ಎರಡು ಸಲ ತಿರುಪು ಜಾರಿತು. ಮೂರನೇ ಸಲ ಎಳೆಯುವಾಗ ನಾನೇ ಹೋಗಿ ಹಿಡಿದೆ, ಯಾರೂ ಬೇಡ ಎನ್ನಲಿಲ್ಲ. ಬಂತು.

ಆಮೇಲೆ ಮದ್ದು ಹಾಕಿ ಹಾರಿಸಿದಳು. ಹೊಗೆ ಮಳೆಗೆ ಮೇಲೇಳದೆ ನಮ್ಮ ಸುತ್ತಲೇ ನಿಂತುಬಿಟ್ಟಿತು. ಒಳಗಿಂದ ಅವಳ ದನಿ ಬಂತು, "ಹತ್ತಿತೇನ್ರಿ?" ದುರ್ಬೀನಿನಲ್ಲಿ ನೋಡಿದೆ. ಕರಿ ವೃತ್ತದ ಬಲ ಅಂಚಿನಲ್ಲಿ ಒಂದು ತೂತು. ಮೊದಲ ಗುಂಡು, ಮಧು. ನಾನು ಕ್ಲಬ್ಬಿಗೆ ಸೇರಿ ಎರಡು ವರ್ಷವಾಯಿತು.

ಸದಸ್ಯನಾದ್ದರಿಂದ ಪಕ್ಕದಲ್ಲಿ ಯಾರಾದರೂ ನಿಂತರೆ ನಾನೂ ಹಾರಿಸಬಹುದು. ಬೆಂಚಿನ ಮೇಲೆ ಮರಳಿನ ಚೀಲವಿಟ್ಟು ಕೂರಿಸಿದರು. ತುಂಬುವುದೆಲ್ಲ ನಾನೇ ಮಾಡಿದೆ. ಹೊತ್ತಾಯಿತು. ಆ ಆಟದಲ್ಲಿ ಯಾರಿಗೂ ಅವಸರವಿಲ್ಲ, ಎಲ್ಲರಿಗೂ ಹೊತ್ತಾಗುತ್ತದೆ. ಹಾರಿಸಿದೆ. ಗುಂಡು ಕಾಗದಕ್ಕೂ ತಗುಲಲಿಲ್ಲ, ಹಲಗೆಗೂ ತಗುಲಲಿಲ್ಲ. ಹಿಂದಿನ ಸುಣ್ಣದ ಗೋಡೆಯಲ್ಲಿ ಎಲ್ಲೋ ಹೋಗಿ ಕೂತಿರಬೇಕು. ಎರಡನೆಯದೂ ಹಾಗೇ. ಹೊಟ್ಟೆ ಉರಿಯಿತು. ತಪ್ಪನ್ನು ಕೈಯ ಮೇಲೆ ಹಾಕೋಣವೆಂದರೆ ಮಿಸೆಸ್ ಹಾಲ್ಡೇನ್ ಬಿಡಲಿಲ್ಲ, ಹಾರಿಸುವಾಗ ನೀವು ಕಣ್ಣು ಮುಚ್ಚಿಕೊಳ್ಳುತ್ತೀರಿ ಎಂದರು.

ಕೊನೆಗೆ ಶೆಡ್ಡಿನಲ್ಲಿ ನಳಿಗೆ ತೊಳೆಯುವ ಕೆಲಸ. ಬಿಸಿನೀರು ಹೊಯ್ಯದಿದ್ದರೆ ಮದ್ದಿನ ಕಿಟ್ಟ ಕಬ್ಬಿಣವನ್ನು ತಿಂದುಬಿಡುತ್ತದೆ. ಜಾಹ್ನವಿ ಹೊರಗೆ ಹೆಂಗಸರ ಅಭಿನಂದನೆ ಸ್ವೀಕರಿಸುತ್ತಿದ್ದಳು. ಶೆಡ್ಡಿನಲ್ಲಿ ನಾನು ಮತ್ತು ಹೊಸದಾಗಿ ಸೇರಿದ ಒಬ್ಬ ಬಿಳಿಯ, ಕ್ಯಾನರಿ ವಾರ್ಫಿನ ಬ್ಯಾಂಕಿನವನು. ನೀರು ಕಾಯುವ ತನಕ ಸುಮ್ಮನೆ ನಿಂತಿದ್ದೆ. ಸುಮ್ಮನೆ ನಿಂತರೆ ನನ್ನ ಕೈ ಏನು ಮಾಡುತ್ತದೆಂದು ನಿನಗೆ ಗೊತ್ತು. ಅವನು ನೋಡಿದ.

"ಚಳಿಯಾಗುತ್ತಿದೆಯಾ? ನನ್ನ ಕೋಟು ಕೊಡಲಾ?" ಎಂದ.

ಹೌದು ಎಂದುಬಿಡಬಹುದಿತ್ತು. ಮಳೆಯೂ ಇತ್ತು. ಸಂಘದಲ್ಲಿ, ಬೀದಿಯಲ್ಲಿ, ಎದುರುಮನೆಯವರಿಗೆ ಹಾಗೇ ಹೇಳಿಕೊಂಡು ಬಂದಿದ್ದೇನೆ. ಯಾಕೋ ನಿನ್ನೆ ಬಾಯಿಗೆ ಆ ಸುಳ್ಳು ಬರಲಿಲ್ಲ.

"ಇಲ್ಲ. ಪಾರ್ಕಿನ್ಸನ್ಸ್," ಎಂದೆ.

"ಸರಿ," ಎಂದ ಅವನು. "ಹಾಗಾದರೆ ಕೆಟಲ್ ನಾನು ಹಿಡಿಯುತ್ತೇನೆ, ನೀವು ನಳಿಗೆ ಹಿಡಿಯಿರಿ."

ಹಿಡಿದೆ. ಅವನು ಹೊಯ್ದ. ಕರಿ ನೀರು ಬುಳಬುಳ ಎಂದು ಬಕೆಟ್ಟಿಗೆ ಇಳಿಯಿತು. ಅವನು ತನ್ನ ನಾಯಿಗೆ ಆಪರೇಷನ್ ಆದದ್ದನ್ನು ಹೇಳುತ್ತಿದ್ದ. ನನ್ನ ಕಿವಿಗೆ ಒಂದು ಮಾತೂ ಬೀಳಲಿಲ್ಲ, ಅಷ್ಟು ಸಿಟ್ಟು ಬಂದಿತ್ತು. ಇಷ್ಟೇನಾ? ಆ ಒಂದು ಪದವನ್ನು ಆಡದಿರಲು ನಾನು ಕೆಲಸ ಬಿಟ್ಟ ಕಾರಣ ಬದಲಿಸಿದೆ, ಎರಡು ಮರ ಕೆಡಿಸಿದೆ, ನಿನ್ನನ್ನು ದೂರ ಮಾಡಿಕೊಂಡೆ, ಕಟ್ಟಿಕೊಂಡವಳ ಜೊತೆ ಹವಾಮಾನ ಮಾತಾಡಿದೆ. ಆಡಿದರೆ, ಸರಿ ಎಂದುಬಿಟ್ಟ ಆ ಪುಣ್ಯಾತ್ಮ.

ಉದಯ